ಇಲ್ಲ ಅನ್ನುವ ಮೊದಲು

ಕುಮಟೆಯಲ್ಲಿ ಒಂದು ಸಣ್ಣ ಓದುವ ಕೋಣೆ ಇದೆ. ಪರೀಕ್ಷೆಗೆ ಓದುವ ಹುಡುಗರು, ನಿವೃತ್ತರು ಸಂಜೆ ಅಲ್ಲಿ ಬಂದು ಕೂರುತ್ತಾರೆ. ಎಲ್ಲರೂ ಎದ್ದು ಹೋದ ಮೇಲೂ ದೀಪ ಉರಿಯುತ್ತದೆ, ಫ್ಯಾನು ತಿರುಗುತ್ತದೆ ಎಂದು ಅದನ್ನು ನಡೆಸುವವರು ಬೇಸತ್ತು ನನ್ನನ್ನು ಕರೆಸಿದರು. ಇನ್ವರ್ಟರ್, ಕ್ಯಾಮೆರಾ, ಸೆನ್ಸರ್ ಕೂರಿಸುವುದು ನನ್ನ ಕೆಲಸ. ಭಟ್ಕಳದಿಂದ ಕುಮಟೆಯವರೆಗೆ ಹೆದ್ದಾರಿಯುದ್ದಕ್ಕೂ ನನಗೆ ಗಿರಾಕಿಗಳಿದ್ದಾರೆ. ಬಾಗಿಲಿನ ಮೇಲ್ಗಡೆ ಒಂದು ಸೆನ್ಸರ್ ಹಾಕಿ, ಐದು ನಿಮಿಷ ಯಾರೂ ಕಾಣದಿದ್ದರೆ ದೀಪ ಆರುವ ಹಾಗೆ ಮಾಡಿ ಬಂದೆ.

ವಾರದೊಳಗೆ ಫೋನು ಬಂತು. ‘ಮಾಸ್ತರರೊಬ್ಬರು ದಿನಾ ಕತ್ತಲೆಯಲ್ಲಿ ಕೂರುವ ಹಾಗಾಗಿದೆ, ಬಂದು ನೋಡಿ.’

ಹೋಗಿ ನೋಡಿದೆ. ಸಂಸ್ಕೃತ ಕಲಿಸಿ ನಿವೃತ್ತರಾದ ಹಿರಿಯರು ಮೂಲೆಯ ಮೇಜಿನಲ್ಲಿ ದಪ್ಪ ಪುಸ್ತಕ ತೆರೆದು ಕೂತಿದ್ದರು. ಉಳಿದವರೆಲ್ಲ ಹೋಗಿದ್ದರು. ಅವರು ಓದುವಾಗ ಅಲುಗಾಡುವುದೇ ಇಲ್ಲ. ಐದು ನಿಮಿಷಕ್ಕೆ ಸರಿಯಾಗಿ ದೀಪ ಆರಿತು. ಅವರು ಬೇಸರವಿಲ್ಲದೆ ಕೈ ಎತ್ತಿ ಗಾಳಿಯಲ್ಲಿ ಎರಡು ಸಲ ಬೀಸಿದರು. ದೀಪ ಹತ್ತಿತು. ನನ್ನ ಕಡೆ ತಿರುಗಿ, ‘ನಾನು ಇದ್ದೇನೆ ಅಂತ ಐದೈದು ನಿಮಿಷಕ್ಕೆ ಅರ್ಜಿ ಹಾಕಬೇಕಾಗಿದೆ ಮಾರಾಯ’ ಅಂದರು.

ನಗು ಬಂತು, ನಾಚಿಕೆಯೂ ಆಯಿತು. ಓದಲೆಂದೇ ಇರುವ ಕೋಣೆಯಲ್ಲಿ ಓದುವವನನ್ನು ಇಲ್ಲದವನೆಂದು ಲೆಕ್ಕ ಹಾಕುವ ಯಂತ್ರವನ್ನು ಕೂರಿಸಿ ದುಡ್ಡು ತೆಗೆದುಕೊಂಡಿದ್ದೆ.

ಯಂತ್ರದ ತಪ್ಪು ಇದರಲ್ಲಿ ಕಡಿಮೆ. ಸಾಮಾನ್ಯವಾಗಿ ನಾವು ಕೂರಿಸುವ ಪಿಐಆರ್ ಸೆನ್ಸರ್ ಮನುಷ್ಯನನ್ನು ಕಾಣುವುದಿಲ್ಲ, ಶಾಖದ ಬದಲಾವಣೆಯನ್ನು ಕಾಣುತ್ತದೆ. ನಮ್ಮ ಮೈಯಿಂದ ಸದಾ ಶಾಖದ ಅಲೆಗಳು ಹೊರಡುತ್ತಿರುತ್ತವೆ. ಅವುಗಳ ಉದ್ದ ಹೆಚ್ಚಾಗಿ 9ರಿಂದ 10 ಮೈಕ್ರೋಮೀಟರಿನ ಆಸುಪಾಸು. ಸೆನ್ಸರಿನ ಒಳಗೆ ಅಕ್ಕಪಕ್ಕ ಎರಡು ತುಣುಕುಗಳಿರುತ್ತವೆ. ಎರಡಕ್ಕೂ ಒಟ್ಟಿಗೆ ಒಂದೇ ಪ್ರಮಾಣದ ಶಾಖ ಬಿದ್ದರೆ ಒಂದು ಇನ್ನೊಂದನ್ನು ಹೊಡೆದುಹಾಕುತ್ತದೆ, ಸುದ್ದಿ ಹುಟ್ಟುವುದಿಲ್ಲ. ಮುಂದಿರುವ ಬಿಳಿ ಪ್ಲಾಸ್ಟಿಕ್ಕಿನ ಗುಬುಟು ಒಂದು ಮಸೂರ. ಅದು ಕೋಣೆಯನ್ನು ಬೀಸಣಿಗೆಯ ಕಡ್ಡಿಗಳ ಹಾಗೆ ಪಟ್ಟಿ ಪಟ್ಟಿಯಾಗಿ ಹಂಚುತ್ತದೆ. ನೀವು ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾಟಿದಾಗ ಒಂದು ತುಣುಕಿಗೆ ಮೊದಲು, ಇನ್ನೊಂದಕ್ಕೆ ಆಮೇಲೆ ಶಾಖ ತಗಲುತ್ತದೆ. ಆಗ ಮಾತ್ರ ಸೆನ್ಸರ್ ‘ಇದ್ದಾರೆ’ ಎನ್ನುತ್ತದೆ.

ಹಾಗಾಗಿ ಅದನ್ನು ಎಲ್ಲಿ ಇಡುತ್ತೇವೆ ಎಂಬುದರಲ್ಲೇ ಅರ್ಧ ಕೆಲಸ ಅಡಗಿದೆ. ಅಡ್ಡ ದಾಟುವವರನ್ನು ಅದು ಚೆನ್ನಾಗಿ ಹಿಡಿಯುತ್ತದೆ, ನೇರ ಅದರತ್ತಲೇ ನಡೆದು ಬರುವವರನ್ನು ತಡವಾಗಿ ಹಿಡಿಯುತ್ತದೆ. ಬಿಸಿಲು ಬೀಳುವ ಕಿಟಕಿಗೆ ಎದುರಾಗಿ ಇಟ್ಟರೆ ಸುಮ್ಮಸುಮ್ಮನೆ ಕೂಗುತ್ತದೆ. ಗಾಜಿನ ಆಚೆ ಇರುವ ಮನುಷ್ಯ ಕಣ್ಣಿಗೆ ಕಂಡರೂ ಅದಕ್ಕೆ ಕಾಣುವುದಿಲ್ಲ, ಏಕೆಂದರೆ ಆ ಶಾಖದ ಅಲೆಯನ್ನು ಗಾಜು ಬಿಡುವುದಿಲ್ಲ. ಮಸೂರದ ಮೇಲೆ ಹಲ್ಲಿ ಹರಿದರೆ ಅದಕ್ಕೆ ಮನೆಯೊಳಗೆ ಯಾರೋ ಬಂದ ಹಾಗೆ. ನಮ್ಮ ಕರಾವಳಿಯಲ್ಲಿ ಇನ್ನೊಂದು ತೊಂದರೆ ಉಂಟು: ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಹಂಚಿನ ಮಾಡಿನ ಕೆಳಗೆ ಗೋಡೆಯ ಬಿಸಿಯೂ ಚರ್ಮದ ಬಿಸಿಯೂ ಹೆಚ್ಚುಕಡಿಮೆ ಒಂದೇ ಆಗುತ್ತದೆ. ಆಗ ಮನುಷ್ಯ ಗೋಡೆಯಲ್ಲಿ ಕರಗಿಹೋಗುತ್ತಾನೆ, ಕೋಣೆಯಲ್ಲಿ ಓಡಾಡಿದರೂ ಸೆನ್ಸರಿಗೆ ಮಸುಕು.

ಮಾಸ್ತರರಿಗೆ ಇದನ್ನೆಲ್ಲ ವಿವರಿಸಿ, ಸೆನ್ಸರನ್ನು ಬಾಗಿಲ ಮೇಲಿನಿಂದ ತೆಗೆದು ಓದುವ ಮೇಜುಗಳ ನೆತ್ತಿಗೆ ತಂದೆ. ಹತ್ತಿರದಿಂದ ನೋಡಿದರೆ ಪಟ್ಟಿಗಳು ಕಿರಿದಾಗುತ್ತವೆ. ಪುಟ ತಿರುಗಿಸುವ ಕೈಯೂ ಒಂದು ಪಟ್ಟಿ ದಾಟೀತು. ಐದು ನಿಮಿಷವನ್ನು ಇಪ್ಪತ್ತಕ್ಕೆ ಏರಿಸಿದೆ. ನಾನು ಏಣಿ ಮೇಲಿದ್ದಾಗ ಅವರು ಕೆಳಗಿನಿಂದ ಒಂದು ಮಾತು ಹೇಳಿದರು. ಅದು ನನ್ನನ್ನು ಇನ್ನೂ ಬಿಟ್ಟಿಲ್ಲ.

‘ನೀನು ಮಾಡ್ತಾ ಇರೋದು ಹಳೇ ಮೀಮಾಂಸಕರ ಕೆಲಸ’ ಅಂದರು. ಒಂದು ವಸ್ತು ‘ಇಲ್ಲ’ ಎಂಬುದು ನಮಗೆ ಹೇಗೆ ಗೊತ್ತಾಗುತ್ತದೆ? ನೆಲದ ಮೇಲೆ ಗಡಿಗೆ ಇದ್ದರೆ ಕಣ್ಣಿಗೆ ಕಾಣುತ್ತದೆ. ಗಡಿಗೆ ಇಲ್ಲ ಎಂಬುದನ್ನು ಯಾವ ಕಣ್ಣು ಕಂಡಿತು? ಏಳನೆಯ ಶತಮಾನದ ಕುಮಾರಿಲ ಭಟ್ಟನ ಪಂಥದವರೂ ಆಮೇಲಿನ ಅದ್ವೈತಿಗಳೂ ಇದಕ್ಕಾಗಿಯೇ ಜ್ಞಾನದ ಒಂದು ಬೇರೆ ದಾರಿಯನ್ನು ಒಪ್ಪಿದರು. ಅದರ ಹೆಸರು ಅನುಪಲಬ್ಧಿ. ಕಾಣದೆ ಇರುವುದರಿಂದಲೇ ಇಲ್ಲ ಎಂದು ತಿಳಿಯುವುದು. ಆದರೆ ಅದಕ್ಕೆ ಒಂದು ಕಟ್ಟು ಹಾಕಿದರು. ಕಾಣದಿರುವುದೆಲ್ಲ ಇಲ್ಲದಿರುವುದಲ್ಲ. ಕತ್ತಲೆಯಲ್ಲಿ ಗಡಿಗೆ ಕಾಣಲಿಲ್ಲ ಎಂದು ಗಡಿಗೆ ಇಲ್ಲ ಎನ್ನುವ ಹಾಗಿಲ್ಲ. ಗಡಿಗೆ ಇದ್ದಿದ್ದರೆ ಖಂಡಿತ ಕಾಣುತ್ತಿತ್ತು ಎನ್ನುವಂಥ ಬೆಳಕು, ಅಂಥ ಜಾಗ, ಅಂಥ ಕಣ್ಣು ಇದ್ದೂ ಕಾಣದಿದ್ದರೆ ಮಾತ್ರ ‘ಇಲ್ಲ’ ಎನ್ನಬಹುದು. ಯೋಗ್ಯ ಅನುಪಲಬ್ಧಿ ಎಂದರೆ ಅದು.

‘ಇಲ್ಲ ಅನ್ನೋ ಮಾತಿಗೆ ಯೋಗ್ಯತೆ ಬೇಕು ತಮ್ಮಾ. ಗಡಿಗೆಗಲ್ಲ, ನೋಡುವವನಿಗೆ’ ಅಂದರು ಮಾಸ್ತರರು.

ಅಲ್ಲಿಯವರೆಗೆ ನಾನು ಸೆನ್ಸರ್ ಕೂರಿಸುವುದನ್ನು ಮೊಳೆ ಹೊಡೆಯುವ ಕೆಲಸ ಅಂದುಕೊಂಡಿದ್ದೆ.

ಮುಂದಿನ ತಿಂಗಳು ಭಟ್ಕಳದಿಂದ ಕರೆ ಬಂತು. ಹಳೇ ಪೇಟೆಯ ಓಣಿಯೊಂದರಲ್ಲಿ ಒಂದು ನವಾಯತ ಮನೆ. ಭಟ್ಕಳದಲ್ಲಿ ಇಂಥ ಮನೆಗಳು ಬಹಳ. ದುಡಿಯುವವರು ದುಬೈಯಲ್ಲೋ ಸೌದಿಯಲ್ಲೋ ಇರುತ್ತಾರೆ. ಅವರ ದುಡಿಮೆಯಲ್ಲಿ ಎದ್ದ ದೊಡ್ಡ ಮನೆಯಲ್ಲಿ ಒಂದಿಬ್ಬರು ವಯಸ್ಸಾದವರು. ಈ ಮನೆಯಲ್ಲಿ ತಾಯಿ ಒಬ್ಬರೇ. ಹಗಲು ಕೆಲಸದವಳು ಬಂದು ಹೋಗುತ್ತಾಳೆ. ಮಗ ದುಬೈಯಿಂದ ವಿಡಿಯೋ ಕಾಲಿನಲ್ಲಿ ಪಟ್ಟಿ ಹೇಳಿದ: ಹಾಲಿಗೊಂದು, ಅಡುಗೆ ಮನೆಗೊಂದು, ಮಲಗುವ ಕೋಣೆಗೊಂದು, ಬಾತ್‌ರೂಮಿಗೊಂದು. ಮೂರು ಗಂಟೆ ಚಲನೆ ಇಲ್ಲದಿದ್ದರೆ ತನ್ನ ಫೋನಿಗೆ ಸುದ್ದಿ ಬರಬೇಕು. ಅವನ ಧ್ವನಿಯಲ್ಲಿ ಇದ್ದದ್ದು ಹೆದರಿಕೆ ಮಾತ್ರ. ಒಂದೂವರೆ ಗಂಟೆ ಹಿಂದಿರುವ ಗಡಿಯಾರದಲ್ಲಿ ಕೂತು ಅಮ್ಮನ ಸಂಜೆಯನ್ನು ಊಹಿಸುವವನ ಹೆದರಿಕೆ.

ತಾಯಿ ಬಾಗಿಲ ಪರದೆಯ ಬಳಿ ನಿಂತು ಎಲ್ಲ ಕೇಳಿಸಿಕೊಂಡರು. ಮಗನ ಹತ್ತಿರ ನವಾಯತಿಯಲ್ಲಿ ಏನೋ ಹೇಳಿ ಫೋನಿಟ್ಟು, ನನಗೆ ಕನ್ನಡದಲ್ಲಿ ಹೇಳಿದರು: ‘ನಾನು ಇದ್ದೇನೆ ಅಂತ ಅವನಿಗೆ ಗೊತ್ತಾದರೆ ಸಾಕಲ್ಲ ಮಗ? ಎಲ್ಲಿ ಇದ್ದೇನೆ ಅಂತ ಯಾಕೆ?’

ನಾನು ಉತ್ತರ ಹೇಳಲಿಲ್ಲ. ದುಡ್ಡು ಕೊಡುವವನು ಮಗ. ಬದುಕುವವರು ಅವರು. ಇದ್ದಾರೆ ಎಂಬ ಸುದ್ದಿಗೂ ಎಲ್ಲಿದ್ದಾರೆ ಎಂಬ ಸುದ್ದಿಗೂ ಇಷ್ಟು ಅಂತರ ಇದೆ ಎಂದು ನನಗೆ ಹೊಳೆದೇ ಇರಲಿಲ್ಲ. ನಮ್ಮ ಆ್ಯಪುಗಳಲ್ಲಿ ಎರಡೂ ಒಂದೇ ಪರದೆಯ ಮೇಲೆ ಬರುತ್ತವೆ. ಎಷ್ಟು ಹೊತ್ತಿಗೆ ಎದ್ದರು, ರಾತ್ರಿ ಎಷ್ಟು ಸಲ ಬಾತ್‌ರೂಮಿಗೆ ಹೋದರು, ಎಷ್ಟು ಹೊತ್ತು ಅಲ್ಲಿದ್ದರು, ಎಲ್ಲ ಸಾಲಾಗಿ. ಫೋಟೋ ಇಲ್ಲ ನಿಜ. ಆದರೆ ದಿನಚರಿ ಇಡೀ ಇದೆ. ತಾಯಿಗೆ ಮಗನ ಮೇಲೆ ಅಪನಂಬಿಕೆ ಇರಲಿಲ್ಲ. ಮಗನಿಗೂ ಗೊತ್ತಿರಬೇಕಾಗಿಲ್ಲದ ಒಂದಷ್ಟು ಹೊತ್ತು ತನಗೆ ಇರಬೇಕು ಎಂಬುದಷ್ಟೇ ಅವರ ಮಾತು.

ಮನೆ ಸುತ್ತಿ ನೋಡಿದೆ. ಮಲಗುವ ಕೋಣೆಗೂ ಅಡುಗೆ ಮನೆಗೂ ನಡುವೆ ಒಂದು ಉದ್ದನೆಯ ಓಣಿಯಂಥ ಪಡಸಾಲೆ. ಎಲ್ಲಿಗೆ ಹೋಗುವುದಿದ್ದರೂ ಅದನ್ನು ದಾಟಲೇಬೇಕು. ಅಲ್ಲಿ ಒಂದೇ ಒಂದು ಸೆನ್ಸರ್ ಸಾಕು ಅನ್ನಿಸಿತು: ಎರಡೂಕಾಲು ಮೀಟರ್ ಎತ್ತರದಲ್ಲಿ, ಓಣಿಯ ಉದ್ದಕ್ಕೆ ಮುಖ ಮಾಡದೆ, ಪಕ್ಕದ ಗೋಡೆಯಿಂದ ಅಡ್ಡಲಾಗಿ. ಅಡ್ಡ ದಾಟುವವರನ್ನು ಪಿಐಆರ್ ತಪ್ಪಿಸುವುದಿಲ್ಲ. ಸುದ್ದಿಯ ಲೆಕ್ಕದಲ್ಲಿ ನಾಲ್ಕು ಕೋಣೆಯ ನಾಲ್ಕು ಸೆನ್ಸರಿಗಿಂತ ಈ ಒಂದು ಹೆಚ್ಚು ನಂಬಿಗಸ್ತ. ಕೋಣೆಯೊಳಗಿನ ಸೆನ್ಸರ್ ಅವರು ನಮಾಜು ಮುಗಿಸಿ ತಸ್ಬೀಹ್ ಹಿಡಿದು ಅಲುಗದೆ ಕೂತರೆ ‘ಖಾಲಿ’ ಎನ್ನುತ್ತಿತ್ತು. ದೇವರ ಮುಂದೆ ಕೂತಿರುವ ಹೊತ್ತಿಗೇ ಮಗನ ಫೋನಿನಲ್ಲಿ ತಾಯಿ ಇಲ್ಲವಾಗುತ್ತಿದ್ದಳು. ಓಣಿಯ ಸೆನ್ಸರಿಗೆ ಕೋಣೆಯ ವಿಷಯ ಗೊತ್ತೇ ಇಲ್ಲ, ಆದ್ದರಿಂದ ಸುಳ್ಳೂ ಹೇಳುವುದಿಲ್ಲ. ಅದು ಹೇಳುವುದು ಇಷ್ಟೇ: ಹೋದರು, ಬಂದರು.

ಅವತ್ತು ವಾಪಸು ಬರುವಾಗ ನನ್ನ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯಾಗಿತ್ತು ಅಂತ ಒಪ್ಪಿಕೊಳ್ಳಬೇಕು. ಭಟ್ಕಳದಿಂದ ಹೊನ್ನಾವರಕ್ಕೆ ಸುಮಾರು ನಲವತ್ತು ಕಿಲೋಮೀಟರ್. ಶರಾವತಿ ಸೇತುವೆ ದಾಟುವಾಗ ಹೊಳೆಯ ಮೇಲ್ಗಡೆ ನೋಡಿದರೆ ನಮ್ಮೂರಿನ ತೋಟದ ಸಾಲು. ಅಲ್ಲಿ ನಮ್ಮ ಆಯಿ ಒಬ್ಬಳೇ ಇರುತ್ತಾಳೆ. ನಾನು ಕೆಲಸದ ಅನುಕೂಲಕ್ಕೆಂದು ಕುಮಟೆಯಲ್ಲಿ ಮನೆ ಮಾಡಿದ್ದೇನೆ. ನಮ್ಮಿಬ್ಬರ ನಡುವೆ ಸಮುದ್ರವೇನೂ ಇಲ್ಲ, ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ರಸ್ತೆ. ಆಯಿಯ ಮನೆಗೂ ನಾನು ಸೆನ್ಸರ್ ಹಾಕಿದ್ದೆ. ಆ ದಿನ ನಿಲ್ಲಿಸಲಿಲ್ಲ, ಮಳೆ ಬರುವಂತಿತ್ತು. ಫೋನು ತೆಗೆದು ನೋಡಿದೆ. ‘ಚಲನೆ ಇದೆ’ ಅಂತಿತ್ತು. ಮುಂದೆ ಹೋದೆ.

ಆಷಾಢದ ಒಂದು ಮಧ್ಯಾಹ್ನ ಕುಮಟೆಯಲ್ಲಿ ಒಂದು ಇನ್ವರ್ಟರ್ ಬಿಚ್ಚಿ ಕೂತವನು ನಾಲ್ಕು ಗಂಟೆ ಹೊತ್ತಿಗೆ ಆ್ಯಪು ನೋಡಿದೆ. ಒಂದೂವರೆಯಿಂದ ಚಲನೆ ಇಲ್ಲ. ‘ಖಾಲಿ’. ಫೋನು ಮಾಡಿದೆ, ರಿಂಗಾಯಿತು, ಎತ್ತಲಿಲ್ಲ. ಪಕ್ಕದ ಮನೆಗೆ ಹೋಗಿರಬೇಕು ಅಂದುಕೊಂಡೆ. ಮಳೆ ಹೊಯ್ಯುತ್ತಿದೆ, ಹೋದಲ್ಲೇ ಕೂತಿರುತ್ತಾಳೆ ಅಂತ ಅದಕ್ಕೊಂದು ಕಾರಣವನ್ನೂ ಹೊಂದಿಸಿಕೊಂಡೆ. ಮತ್ತೆ ಸ್ಕ್ರೂಡ್ರೈವರ್ ಹಿಡಿದೆ.

ಆಯಿ ಎಲ್ಲಿಗೂ ಹೋಗಿರಲಿಲ್ಲ. ಬಚ್ಚಲಮನೆಯಲ್ಲಿ ಪಾಚಿಗೆ ಕಾಲು ಜಾರಿ ಬಿದ್ದು, ಪಾದದ ಮೇಲಿನ ಮೂಳೆ ಮುರಿದುಕೊಂಡು, ಏಳಲಾಗದೆ ಹಂಡೆಯ ಒಲೆಯ ಪಕ್ಕ ಗೋಡೆಗೊರಗಿ ಕೂತಿದ್ದಳು. ಕೂಗಿದ್ದಾಳೆ; ಮಳೆಯ ಸದ್ದಿಗೆ ಯಾರಿಗೂ ಕೇಳಿಲ್ಲ. ಫೋನು ಜಗುಲಿಯಲ್ಲಿ ರಿಂಗಾದದ್ದು ಅವಳಿಗೆ ಕೇಳಿದೆ. ಸಂಜೆ ಹಾಲು ಕೊಡಲು ಬಂದ ಪಕ್ಕದ ಮನೆಯವರು ದೀಪ ಹಾಕದ್ದು ನೋಡಿ ಹಿಂದಿನ ಬಾಗಿಲಿಗೆ ಹೋದದ್ದರಿಂದ ಸಿಕ್ಕಳು. ಐದು ಗಂಟೆಗೂ ಹೆಚ್ಚು ಹೊತ್ತು.

ಆಸ್ಪತ್ರೆಯಲ್ಲಿ ಅವಳು ನನ್ನನ್ನು ಬೈಯಲಿಲ್ಲ. ಒಲೆ ಪಕ್ಕ ಬೆಚ್ಚಗಿತ್ತು ಅಂತ ತಾನೇ ಸಮಾಧಾನ ಹೇಳಿದಳು. ಆಮೇಲೆ ಸುಮ್ಮನೆ, ದೂರಲ್ಲದ ದನಿಯಲ್ಲಿ ಒಂದೇ ಮಾತು: ‘ಆನು ಮನೆಲ್ಲೇ ಇದ್ದಿದ್ದಿ ತಮಾ.’

ಮಾಸ್ತರರ ಹತ್ತಿರ ಇದನ್ನು ಹೇಳಿಕೊಂಡಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, ಮೀಮಾಂಸಕರು ಅರ್ಥಾಪತ್ತಿಗೆ ಕೊಡುವ ಹಳೇ ಉದಾಹರಣೆ ಇದೇ ಅಂದರು: ದೇವದತ್ತ ಬದುಕಿದ್ದಾನೆ, ಮನೆಯಲ್ಲಿ ಇಲ್ಲ, ಹಾಗಾದರೆ ಹೊರಗೆಲ್ಲೋ ಇದ್ದಾನೆ. ತರ್ಕದಲ್ಲಿ ತಪ್ಪಿಲ್ಲ. ಆದರೆ ಆ ಇಡೀ ತರ್ಕ ‘ಮನೆಯಲ್ಲಿ ಇಲ್ಲ’ ಎಂಬ ಒಂದು ಕಾಲಿನ ಮೇಲೆ ನಿಂತಿದೆ. ಮನೆಯನ್ನೆಲ್ಲ ನೋಡಿದ್ದೇನೆಯೇ ಎಂದು ನಾನು ಕೇಳಿಕೊಂಡಿರಲಿಲ್ಲ. ಇಲ್ಲ ಎಂಬುದನ್ನು ಯಂತ್ರ ಹೇಳಿತು ಅಂದುಕೊಂಡೆ. ಹೊರಗಿದ್ದಾಳೆ ಎಂಬುದನ್ನು ನಾನೇ ಕಟ್ಟಿದೆ, ಯಾಕೆಂದರೆ ಹಾಗೆ ಕಟ್ಟಿದರೆ ನಾನು ಕೂತಲ್ಲಿಂದ ಏಳಬೇಕಾಗಿರಲಿಲ್ಲ.

ಆಯಿ ಮನೆಗೆ ಬಂದ ಮೇಲೆ ನಾಲ್ಕು ವಾರ ಅಲ್ಲೇ ಇದ್ದೆ. ಅಷ್ಟು ದಿನ ಆ ಮನೆಯಲ್ಲಿ ಉಳಿದದ್ದು ಎಷ್ಟೋ ವರ್ಷದ ಮೇಲೆ. ಕೋಲು ಹಿಡಿದು ಓಡಾಡಲು ಶುರುಮಾಡಿದ ದಿನದಿಂದ ಅವಳು ಎಲ್ಲೆಲ್ಲಿ ಇರುತ್ತಾಳೆ ಎಂದು ಗಮನಿಸಿದೆ. ಅಡುಗೆ ಮನೆ, ಹಿಂಬದಿಯ ಕಟ್ಟೆ, ಬಚ್ಚಲು, ಬಾವಿಕಟ್ಟೆ, ಹಿತ್ತಲು. ದಿನದ ಬಹುಪಾಲು ಮನೆಯ ಹಿಂಭಾಗದಲ್ಲೇ. ಜಗುಲಿಗೆ ಅವಳು ಬರುವುದು ಯಾರಾದರೂ ಬಂದಾಗ.

ನಾನು ಸೆನ್ಸರ್ ಇಟ್ಟಿದ್ದು ಜಗುಲಿಗೆ ಮುಖ ಮಾಡಿ. ಯಾಕೆ ಅಲ್ಲಿ ಇಟ್ಟೆ? ನನಗೆ ಆಯಿ ಎಂದರೆ ಜಗುಲಿಯಲ್ಲಿ ಎದುರು ಕೂತು ಚಾ ಕೊಡುವವಳು. ತಿಂಗಳಿಗೊಮ್ಮೆ ಬಂದು ಎರಡು ತಾಸು ಕೂತು ಹೋಗುವ ನೆಂಟನಿಗೆ ಕಾಣುವ ಆಯಿ. ಆ ನೆಂಟ ತನ್ನ ಕಣ್ಣನ್ನು ಗೋಡೆಗೆ ಹೊಡೆದು ಹೋಗಿದ್ದ. ಎತ್ತರ ಸರಿಯಿತ್ತು, ಕೋನ ಸರಿಯಿತ್ತು, ಬಿಸಿಲು ಬೀಳುತ್ತಿರಲಿಲ್ಲ, ಹಲ್ಲಿ ಹರಿಯದಂತೆ ಕೂಡ ನೋಡಿಕೊಂಡಿದ್ದೆ. ಕಲಿತ ನಿಯಮಗಳೆಲ್ಲ ಪಾಲನೆಯಾಗಿದ್ದವು. ಭಟ್ಕಳದ ಮನೆಯಲ್ಲಿ ಅರ್ಧ ದಿನ ಸುತ್ತಿ ಅವರ ದಾರಿ ಹುಡುಕಿದವನು, ನನ್ನ ಮನೆ ನನಗೆ ಗೊತ್ತು ಅಂತ ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿದ್ದೆ.

ಇದು ನನ್ನೊಬ್ಬನ ಮನೆಯ ಕಥೆ ಮಾತ್ರವಲ್ಲ ಎಂದು ಆಮೇಲೆ ಅನ್ನಿಸಿದೆ. ಹಿಂದಿನ ಕೋಣೆಗಳಲ್ಲಿ ಇರುವವರನ್ನು ಇಲ್ಲದವರೆಂದು ಬರೆದುಕೊಳ್ಳುವುದು ನಮಗೆ ಯಂತ್ರ ಕಲಿಸಿದ್ದಲ್ಲ. ನಮ್ಮ ಜನಗಣತಿಯಲ್ಲಿ ಮನೆಗೆಲಸ ಮಾತ್ರ ಮಾಡುವ ಹೆಂಗಸು ಕೆಲಸ ಮಾಡದವರ ಲೆಕ್ಕಕ್ಕೇ ಸೇರುತ್ತಾಳೆ. ಬೆಳಿಗ್ಗೆ ಐದಕ್ಕೆ ಬಚ್ಚಲೊಲೆಗೆ ಬೆಂಕಿ ಹಾಕುವುದರಿಂದ ರಾತ್ರಿ ಪಾತ್ರೆ ತೊಳೆಯುವವರೆಗಿನ ಅವಳ ಓಡಾಟ ಆ ಕಾಗದದ ಯಾವ ಪಟ್ಟಿಯನ್ನೂ ದಾಟುವುದಿಲ್ಲ. ಅಲ್ಲಿ ಕಾಗದ ಸುಳ್ಳು ಹೇಳುತ್ತಿಲ್ಲ. ಪ್ರಶ್ನೆ ಕೇಳುವವರು ನಿಂತ ಜಾಗದಿಂದ ಕೆಲಸ ಎಂದರೆ ಏನು ಕಾಣುತ್ತದೋ ಅದನ್ನಷ್ಟೇ ಬರೆದುಕೊಳ್ಳುತ್ತಿದೆ.

ಒಳ್ಳೇ ಯಂತ್ರ ತಂದರೆ ಮುಗಿಯಿತಲ್ಲ ಎಂದು ಕೇಳುವವರಿದ್ದಾರೆ. ಈಗ ಮಿಲಿಮೀಟರ್ ಅಲೆಯ ರಡಾರ್ ಸೆನ್ಸರುಗಳು ಬಂದಿವೆ. 24 ಅಥವಾ 60 ಗಿಗಾಹರ್ಟ್ಸಿನ ರೇಡಿಯೋ ಅಲೆ ಬಿಟ್ಟು, ಮರಳಿ ಬಂದದ್ದನ್ನು ಅಳೆಯುತ್ತವೆ. ಉಸಿರಾಡುವಾಗ ಎದೆ ಕೆಲವೇ ಮಿಲಿಮೀಟರ್ ಏರಿಳಿಯುತ್ತದಲ್ಲ, ಅದು ಅವಕ್ಕೆ ಸಾಕು. ಮಾಸ್ತರರು ಎಷ್ಟೇ ಅಲುಗದೆ ಕೂತರೂ ದೀಪ ಆರದು. ನಾನು ಅವನ್ನೂ ಹಾಕುತ್ತೇನೆ. ಆದರೆ ಅವಕ್ಕೂ ಜಾಗದ ಪ್ರಶ್ನೆ ತಪ್ಪಿಲ್ಲ. ತಿರುಗುವ ಫ್ಯಾನು, ಗಾಳಿಗೆ ಆಡುವ ಪರದೆ ಅವಕ್ಕೆ ಮನುಷ್ಯರಾಗಿ ಕಾಣಬಹುದು. ತೆಳು ಹಲಗೆಯ ಗೋಡೆಯನ್ನು ದಾಟಿ ಪಕ್ಕದ ಕೋಣೆಯವರನ್ನು ಈ ಕೋಣೆಯಲ್ಲಿ ಲೆಕ್ಕ ಹಾಕುವುದೂ ಉಂಟು. ಜಗುಲಿಗೆ ಮುಖ ಮಾಡಿ ಇಟ್ಟಿದ್ದರೆ ಅದೂ ಆಯಿಯನ್ನು ಕಾಣುತ್ತಿರಲಿಲ್ಲ. ಇನ್ನು ಎಲ್ಲ ಕೋಣೆಗೂ ಇಟ್ಟರೆ ಭಟ್ಕಳದ ತಾಯಿಯ ಪ್ರಶ್ನೆ ಎದುರಿಗೆ ಬಂದು ನಿಲ್ಲುತ್ತದೆ. ಅವರ ಉಸಿರನ್ನೂ ಎಣಿಸಬೇಕೆ?

ಹೀಗೆ ಎರಡು ತಪ್ಪುಗಳ ನಡುವೆ ನನ್ನ ಕಸುಬು ನಿಂತಿದೆ. ಇರುವವರನ್ನು ಇಲ್ಲ ಎನ್ನುವುದು ಒಂದು ತಪ್ಪು. ಇರುವವರನ್ನು ಒಂದು ಗಳಿಗೆಯೂ ಬಿಡದೆ ನೋಡುವುದು ಇನ್ನೊಂದು. ಎರಡನ್ನೂ ಪೂರ್ತಿ ತಪ್ಪಿಸುವ ಜಾಗ ಯಾವ ಗೋಡೆಯಲ್ಲೂ ನನಗೆ ಸಿಕ್ಕಿಲ್ಲ. ಯಾವ ತಪ್ಪನ್ನು ಎಷ್ಟು ತಾಳಿಕೊಳ್ಳಬಹುದು ಎಂಬುದನ್ನು ಆ ಮನೆಯಲ್ಲಿ ಇರುವವರೇ ಹೇಳಬೇಕು. ಹಣ ಕೊಡುವವರ ಮಾತು ಆಮೇಲೆ.

ಅದಕ್ಕೇ ಈಗ ಏಣಿ ಇಳಿಸುವ ಮೊದಲು ಮನೆಯವರ ಜೊತೆ ಒಂದು ಗಂಟೆ ಕೂರುತ್ತೇನೆ. ದಿನ ಹೇಗೆ ಹೋಗುತ್ತದೆ, ಎಲ್ಲಿ ಕೂರುತ್ತೀರಿ, ಎಲ್ಲಿ ಯಾರೂ ನೋಡಬಾರದು ಎಂದು ಕೇಳುತ್ತೇನೆ. ಕೆಲವರು ಇದನ್ನು ಯಾರೂ ತಮ್ಮ ಹತ್ತಿರ ಕೇಳಿಲ್ಲ ಎನ್ನುತ್ತಾರೆ. ಹೇಳಲು ಶುರು ಮಾಡಿದರೆ ಒಂದು ಗಂಟೆ ಸಾಕಾಗುವುದಿಲ್ಲ. ಆ್ಯಪಿನಲ್ಲಿ ‘ಖಾಲಿ’ ಎಂದು ಬರುವ ಕಡೆ ಮಾತು ಬದಲಿಸುವ ಅವಕಾಶ ಇದ್ದರೆ ‘ಇಲ್ಲಿಂದ ಕಾಣುತ್ತಿಲ್ಲ’ ಎಂದು ಬರೆದುಕೊಡುತ್ತೇನೆ. ಸಾಲು ಉದ್ದವಾಯಿತು ಎಂದು ಗಿರಾಕಿಗಳು ಗೊಣಗುತ್ತಾರೆ. ಇರಲಿ.

ಆಯಿಯ ಮನೆಯ ಸೆನ್ಸರ್ ಈಗ ಬಚ್ಚಲಿಗೆ ಹೋಗುವ ದಾರಿಯಲ್ಲಿದೆ. ಒಳಗೆ ಇಟ್ಟಿಲ್ಲ. ಒಲೆಯ ಬಿಸಿ, ಹಬೆಗೆ ಅದು ಕೆಡುತ್ತದೆ ಎಂಬುದು ಒಂದು ಕಾರಣ, ಆಯಿ ಬೇಡ ಅಂದಳು ಎಂಬುದು ಇನ್ನೊಂದು. ಆ ಕಡೆ ಹೋದವಳು ನಲವತ್ತು ನಿಮಿಷದಲ್ಲಿ ಈ ಕಡೆ ಬರದಿದ್ದರೆ ಮೊದಲು ಪಕ್ಕದ ಮನೆಯವರಿಗೆ, ಆಮೇಲೆ ನನಗೆ ಸುದ್ದಿ ಬರುತ್ತದೆ. ಎರಡು ಸಲ ಬಂದಿದೆ. ಎರಡು ಸಲವೂ ಹಿಂದಿನ ಕಟ್ಟೆಯಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದಳು. ಎರಡು ಸಲವೂ ಫೋನು ಎತ್ತಲಿಲ್ಲ, ನಾನು ಗಾಡಿ ಹತ್ತಿ ಹೋದೆ.

‘ಎಂತಕ್ಕೆ ಓಡಿ ಬಂದೆ?’ ಅಂತ ಬೈದಳು. ಚಾ ಮಾಡಿದಳು. ಈ ಸಲ ಜಗುಲಿಗೆ ತಂದುಕೊಡಲಿಲ್ಲ. ನಾನೇ ಅಡುಗೆ ಮನೆಗೆ ಹೋಗಿ, ಒಲೆ ಪಕ್ಕ ಮಣೆ ಎಳೆದುಕೊಂಡು ಕೂತೆ.